ಗೆಲುವಿನ ಮಾತು: ಇಂಗ್ಲಿಷಿನಲ್ಲಿ ಮತ್ತು ಕನ್ನಡದಲ್ಲಿ

ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಹಳ್ಳಿಯ ಹುಡುಗರ ಮಾತಿಗೆ ಕಿವಿಗೊಟ್ಟರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ದುಃಖವನ್ನು ಕನ್ನಡದಲ್ಲಿ ತೋಡಿಕೊಳ್ಳುವವರೇ ಸಂತೋಷ ಬಂದಾಗ ಇಂಗ್ಲಿಷಿಗೆ ಹೊರಳುತ್ತಾರೆ. ‘ಸಕ್ಸೆಸ್ ಆಯಿತು’, ‘ಸೂಪರ್’, ‘ಕಂಗ್ರಾಟ್ಸ್’ ಎಂಬ ಮಾತುಗಳು ಈಗ ಮೈಸೂರಿನಲ್ಲಿ ಹೇಗೋ ಕಾವೇರಿ ಸೀಮೆಯ ಹೆಮ್ಮಿಗೆಯಲ್ಲಿಯೂ ಹಾಗೆಯೇ ಕೇಳಿಬರುತ್ತವೆ. ಇದರಲ್ಲಿ ಕೋಪಿಸಿಕೊಳ್ಳತಕ್ಕದ್ದೇನೂ ಇಲ್ಲ. ಆದರೆ ಇದೇ ಹುಡುಗರು ಉದ್ಯೋಗಕ್ಕಾಗಿ ಸಂದರ್ಶನಕ್ಕೆ ಹೋಗಿ, ತಾವು ಸಾಧಿಸಿದ್ದನ್ನು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಬೇಕಾದಾಗ ಬಾಯಿ ಕಟ್ಟುತ್ತದೆ. ಇಲ್ಲವೆ ಬಾಯಿಪಾಠ ಮಾಡಿದ ನುಡಿಗಟ್ಟೊಂದು ಹೊತ್ತಲ್ಲದ ಹೊತ್ತಿನಲ್ಲಿ ಹೊರಬೀಳುತ್ತದೆ. ಪದ ಗೊತ್ತು, ಪದದೊಳಗಿನ ಚಿತ್ರ ಗೊತ್ತಿಲ್ಲ. ತೊಡಕು ಇರುವುದು ಇಲ್ಲಿಯೇ. ಅಂಥ ಕೆಲವು ಚಿತ್ರಗಳನ್ನು ಬಿಡಿಸಿ ನೋಡೋಣ.

ಮೊದಲು ‘ಸಕ್ಸೆಸ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ ಮೂಲ ಲ್ಯಾಟಿನ್ ಭಾಷೆ. ‘ಹಿಂದೆ ಬರುವುದು, ಅನಂತರ ಒದಗುವುದು’ ಎಂಬುದು ಮೂಲಾರ್ಥ. ಮಾಡಿದ ಕೆಲಸವನ್ನು ಹಿಂಬಾಲಿಸಿ ಬರುವ ಪರಿಣಾಮ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಹಿಂದೆ ‘ಸಕ್ಸೆಸ್’ ಎನಿಸಿಕೊಳ್ಳುತ್ತಿತ್ತು. ಬರಬರುತ್ತ ಅದು ಒಳ್ಳೆಯ ಪರಿಣಾಮಕ್ಕೇ ನಿಂತಿತು. ನಮ್ಮ ‘ಫಲ’ವೂ ಇಂಥದೇ. ಕರ್ಮಫಲ ಸಿಹಿಯೂ ಆಗಬಹುದು, ಕಹಿಯೂ ಆಗಬಹುದು. ‘ಸಫಲ’ವೆಂದಾಗ ಮಾತ್ರ ಸಿಹಿ.

ಈ ಮೂಲಾರ್ಥವನ್ನು ತಿಳಿದುಕೊಂಡರೆ ಪ್ರಯೋಜನವೂ ಉಂಟು. ನಮ್ಮ ವಿದ್ಯಾರ್ಥಿಗಳು ‘ಐ ಸಕ್ಸೀಡೆಡ್ ಟು ಪಾಸ್’ ಎಂದು ಬರೆಯುವುದುಂಟು. ಅದು ತಪ್ಪು, ‘ಸಕ್ಸೀಡೆಡ್ ಇನ್ ಪಾಸಿಂಗ್’ ಎನ್ನಬೇಕು. ‘ಸಕ್ಸೀಡ್’ ಎಂಬ ಕ್ರಿಯಾಪದದ ಮುಂದೆ ‘ಟು’ ಬಂದರೆ ‘ಒಬ್ಬರ ತರುವಾಯ ಅವರ ಸ್ಥಾನಕ್ಕೆ ಬರು’ ಎಂಬ ಅರ್ಥ. 1940ರಲ್ಲಿ ಜಯಚಾಮರಾಜ ಒಡೆಯರು ಮೈಸೂರು ಸಿಂಹಾಸನಕ್ಕೆ ಬಂದದ್ದನ್ನು ಹೇಳುವಾಗ ‘ಟು’ ಸರಿ. ‘ಹಿಂದೆ ಬರು’ ಎಂಬ ಒಂದೇ ಬೇರಿನಿಂದ ಉತ್ತರಾಧಿಕಾರವೂ ಯಶಸ್ಸೂ ಕವಲೊಡೆದಿವೆ. ಇದು ನೆನಪಿದ್ದರೆ ತಪ್ಪಾಗಲಾರದು.

‘ಪ್ರೋಗ್ರೆಸ್’ ಇನ್ನೂ ಸುಲಭ. ‘ಪ್ರೋ’ ಎಂದರೆ ಮುಂದಕ್ಕೆ. ಉಳಿದ ಭಾಗಕ್ಕೆ ‘ಹೆಜ್ಜೆಯಿಡು’ ಎಂದರ್ಥ. ಸಂಸ್ಕೃತದ ‘ಪ್ರಗತಿ’ಯಲ್ಲಿಯೂ ಕನ್ನಡದ ‘ಮುನ್ನಡೆ’ಯಲ್ಲಿಯೂ ಇದೇ ಚಿತ್ರ. ಮೂರು ಭಾಷೆಗಳವರೂ ಒಂದೇ ದಾರಿಯಲ್ಲಿ ನಡೆದಿದ್ದಾರೆ. ಆದರೆ ಕನ್ನಡಿಗ ನಡೆಯುವುದರ ಜೊತೆಗೆ ಬಿತ್ತುವವನೂ ಹೌದು. ಹೊಲದ ‘ಬೆಳೆ’ಯಿಂದಲೇ ಮಗುವೂ ಬೆಳೆಯಿತು, ಊರೂ ಬೆಳೆಯಿತು, ‘ಬೆಳವಣಿಗೆ’ ಎಂಬ ಮಾತೂ ಹುಟ್ಟಿತು. ‘ಏಳು’ ಎಂಬುದರಿಂದ ‘ಏಳಿಗೆ’ ಬಂದಿತು.

‘ಎಂಥೂಸಿಯಾಸಂ’ ಗ್ರೀಕಿನಿಂದ ಬಂದದ್ದು. ‘ದೇವರು ಒಳಹೊಕ್ಕಿರುವ ಸ್ಥಿತಿ’ ಎಂಬುದು ಅದರ ಮೂಲಾರ್ಥ. ನಮ್ಮವರು ‘ಮೈಮೇಲೆ ದೇವರು ಬಂದಿದೆ’ ಎನ್ನುವುದಿಲ್ಲವೆ, ಹೆಚ್ಚುಕಡಮೆ ಅದೇ. ಇಂಗ್ಲೆಂಡಿನಲ್ಲಿ ಬಹುಕಾಲ ಇದು ಹೊಗಳಿಕೆಯ ಮಾತಾಗಿರಲಿಲ್ಲ. 1755ರಲ್ಲಿ ಡಾಕ್ಟರ್ ಜಾನ್ಸನ್ನನು ಪ್ರಕಟಿಸಿದ ನಿಘಂಟಿನಲ್ಲಿಯೂ, ದೇವರು ತನಗೇ ಒಲಿದಿದ್ದಾನೆಂಬ ಪೊಳ್ಳು ನಂಬಿಕೆ ಎಂಬರ್ಥವೇ ಮುಂದಾಗಿದೆ. ಈಗಲಾದರೋ ಅದು ನಿರ್ಮಲವಾದ ಹುರುಪನ್ನೇ ಸೂಚಿಸುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆಯುವ ಜನರನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯಬೇಕಾದರೆ ಈ ಪದವನ್ನು ಧಾರಾಳವಾಗಿ ಬಳಸಬಹುದು. ಅಲ್ಲಿ ಅದರ ಹಳೆಯ ಅರ್ಥವೂ ಹೊಸ ಅರ್ಥವೂ ಒಟ್ಟಿಗೆ ಒಪ್ಪುತ್ತವೆ.

ನಮ್ಮ ‘ಉತ್ಸಾಹ’ದ ಕಥೆ ಬೇರೆ. ಅದರ ಧಾತು ‘ಸಹ್’, ಎಂದರೆ ತಾಳು, ಎದುರಿಸಿ ನಿಲ್ಲು. ‘ಸಹನೆ’ ಹುಟ್ಟಿದ್ದೂ ಅದೇ ಧಾತುವಿನಿಂದ. ಆದುದರಿಂದಲೇ ಭರತಮುನಿ ವೀರರಸಕ್ಕೆ ಉತ್ಸಾಹವನ್ನು ಸ್ಥಾಯಿಭಾವವಾಗಿ ಹೇಳಿದ್ದು ಅರ್ಥವತ್ತಾಗಿದೆ. ಕ್ಷಣಕಾಲ ಕುಣಿದು ಕೂರುವುದು ಉತ್ಸಾಹವಲ್ಲ. ಕಷ್ಟವನ್ನು ತಾಳಿಕೊಂಡು ಮೇಲಕ್ಕೇಳುವುದು ಉತ್ಸಾಹ. ಮೂರು ಮಾತ್ರೆಯ ಗಣಗಳಲ್ಲಿ ಚುರುಕಾಗಿ ಸಾಗುವ ರಗಳೆಯೊಂದಕ್ಕೆ ನಮ್ಮ ಛಂದಸ್ಸಿನವರು ಇದೇ ಹೆಸರನ್ನಿಟ್ಟರು.

ಇನ್ನು ನುಡಿಗಟ್ಟುಗಳು. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿಯೇ. ‘ವಿತ್ ಫ್ಲೈಯಿಂಗ್ ಕಲರ್ಸ್’ ತೇರ್ಗಡೆಯಾದನು ಎನ್ನುತ್ತಾರೆ. ಇದನ್ನು ಯಾರಾದರೂ ‘ಹಾರುವ ಬಣ್ಣಗಳೊಡನೆ’ ಎಂದು ಕನ್ನಡಿಸಿದರೆ ಓದುಗನಿಗೆ ಹೋಳಿಹಬ್ಬ ನೆನಪಾದೀತು. ಇಲ್ಲಿ ‘ಕಲರ್ಸ್’ ಎಂದರೆ ಹಡಗಿನ ಬಾವುಟ. ಕಾಳಗದಲ್ಲಿ ಸೋತ ಹಡಗು ಬಾವುಟವನ್ನು ಇಳಿಸುತ್ತಿತ್ತು. ಗೆದ್ದದ್ದು ಬಾವುಟವನ್ನು ಹಾರಿಸುತ್ತ ಬಂದರಿಗೆ ಬರುತ್ತಿತ್ತು. ‘ಮೇಕಿಂಗ್ ಹೆಡ್‌ವೇ’ ಎಂಬುದೂ ಹಡಗಿನದೇ. ಗಾಳಿ ಅಲೆಗಳ ನಡುವೆ ಅದು ಮುಂದಕ್ಕೆ ಸಾಗುವುದನ್ನು ಹೇಳುವ ಮಾತು. ‘ಫುಲ್ ಸ್ಟೀಮ್ ಅಹೆಡ್’ ಹಬೆಯಂತ್ರದ ಕಾಲದ್ದು. ‘ವಿನ್ ಹ್ಯಾಂಡ್ಸ್ ಡೌನ್’ ಎಂಬುದು ಕುದುರೆಯ ಜೂಜಿನಿಂದ ಬಂದಿದೆ. ಬಹಳ ಮುಂದಿರುವ ಸವಾರನು ಕುದುರೆಯನ್ನು ಅವಸರಪಡಿಸದೆ, ಲಗಾಮು ಸಡಿಲಿಸಿ ಕೈ ತಗ್ಗಿಸಿಕೊಂಡೇ ಗೆಲ್ಲುತ್ತಾನೆ. ಕೈ ಕೆಳಗಿಳಿಸಿದನೆಂದರೆ ಸೋತು ಕೈಚೆಲ್ಲಿದನೆಂದು ತಿಳಿದು ನಮ್ಮ ಹುಡುಗನೊಬ್ಬ ಇದರ ಅರ್ಥವನ್ನು ತಲೆಕೆಳಗು ಮಾಡಿಕೊಂಡರೆ ಆಶ್ಚರ್ಯವಿಲ್ಲ.

ಸಮುದ್ರದಿಂದ ಸುತ್ತುವರಿದ ದ್ವೀಪದ ಜನಕ್ಕೆ ಗೆಲುವೆಂದರೆ ಬಂದರು ಸೇರಿದ ಹಡಗು. ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ ನಮ್ಮವರಿಗೆ ಗೆಲುವೆಂದರೆ ‘ದಡ ಮುಟ್ಟುವುದು’, ಸಹಾಯವೆಂದರೆ ‘ದಡ ಹತ್ತಿಸುವುದು’, ದ್ರೋಹವೆಂದರೆ ‘ನಡುನೀರಿನಲ್ಲಿ ಕೈಬಿಡುವುದು’. ಇಚ್ಛಿಸಿದ ಕೆಲಸ ‘ಕೈಗೂಡುತ್ತದೆ’, ಹೂಡಿದ ಪ್ರಯತ್ನ ‘ಫಲ ಕೊಡುತ್ತದೆ’. ಒಂದು ಜನದ ನುಡಿಗಟ್ಟಿಗೆ ಇನ್ನೊಂದು ಜನದ ನುಡಿಗಟ್ಟನ್ನು ಹೊಂದಿಸಬೇಕೇ ಹೊರತು, ಪದಕ್ಕೆ ಪದವನ್ನು ಇಟ್ಟು ಹೊಲಿಯಬಾರದು.

ಕನ್ನಡದಲ್ಲಿ ಇನ್ನೊಂದು ಸೊಗಸಿದೆ. ‘ಗೆಲುವು’ ಎಂದರೆ ಜಯ. ಅದೇ ಪದಕ್ಕೆ ಲವಲವಿಕೆ ಎಂಬ ಅರ್ಥವೂ ಉಂಟು. ಜ್ವರ ಬಿಟ್ಟು ಎದ್ದ ಮಗುವನ್ನು ನೋಡಿ ತಾಯಿ ‘ಇವತ್ತು ಗೆಲುವಾಗಿದೆ’ ಎನ್ನುತ್ತಾಳೆ. ಅಲ್ಲಿ ಎದುರಾಳಿಯೂ ಇಲ್ಲ, ಅಂಕಪಟ್ಟಿಯೂ ಇಲ್ಲ. ಯಶಸ್ಸನ್ನೂ ಉಲ್ಲಾಸವನ್ನೂ ಹೀಗೆ ಒಂದೇ ಮಾತಿನಲ್ಲಿ ಹಿಡಿಯುವುದು ಇಂಗ್ಲಿಷಿಗೆ ಕಷ್ಟ.

ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಅಧ್ಯಾಪಕರು. 1911ರಲ್ಲಿ ಧಾರವಾಡದಲ್ಲಿ ಕನ್ನಡದ ಮುನ್ನಡೆಯನ್ನು ಕುರಿತು ಭಾಷಣ ಮಾಡುವಾಗ ಅವರು ಆರಿಸಿಕೊಂಡ ಶೀರ್ಷಿಕೆ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬುದು. ‘ಪ್ರಗತಿ’, ‘ಅಭಿವೃದ್ಧಿ’ ಎಂಬ ಪದಗಳು ಅವರಿಗೆ ತಿಳಿಯದವಲ್ಲ. ತಗ್ಗಿದ ತಲೆ ಮೇಲೇಳುವ ಚಿತ್ರ ಬೇಕಾಗಿತ್ತು. ಅದು ಮನೆಯ ಮಾತಿನಲ್ಲೇ ದೊರಕಿತು. ಎರಡು ಭಾಷೆಗಳನ್ನೂ ಬಲ್ಲವರ ವಿವೇಕ ಹೀಗಿರುತ್ತದೆ.

ಇಂಗ್ಲಿಷ್ ಕಲಿಯುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಮೂರು ಸೂಚನೆಗಳು. ಒಂದು, ನುಡಿಗಟ್ಟನ್ನು ಕಲಿಯುವಾಗ ಅದು ಹಡಗಿನದೋ ಕುದುರೆಯದೋ ಯುದ್ಧದ್ದೋ ಎಂದು ಕೇಳಿ ತಿಳಿಯಿರಿ. ಚಿತ್ರ ಕಂಡರೆ ಮರೆವು ಬಾರದು. ಎರಡು, ಅರ್ಜಿಯಲ್ಲಿಯೂ ಸಂದರ್ಶನದಲ್ಲಿಯೂ ನುಡಿಗಟ್ಟನ್ನು ಉಪ್ಪಿನಂತೆ ಬಳಸಿರಿ. ‘ಮೊದಲ ದರ್ಜೆಯಲ್ಲಿ ತೇರ್ಗಡೆಯಾದೆ, ಎರಡು ವರ್ಷ ದುಡಿದೆ, ಈ ಕೆಲಸ ಕಲಿತೆ’ ಎಂಬುದನ್ನು ಸರಳವಾದ ಇಂಗ್ಲಿಷ್ ಕ್ರಿಯಾಪದಗಳಲ್ಲಿ ಹೇಳಿದರೆ, ಹಾರುವ ಬಾವುಟಕ್ಕಿಂತ ಅದಕ್ಕೆ ಹೆಚ್ಚು ಬೆಲೆ. ಮೂರು, ಇಂಗ್ಲಿಷ್ ಪದ ಹೊಳೆಯದಾಗ ಕನ್ನಡದಲ್ಲಿ ಏನೆನ್ನುತ್ತಿದ್ದೆನೆಂದು ಮೊದಲು ಯೋಚಿಸಿ, ಆ ಭಾವಕ್ಕೆ ತಕ್ಕ ಪದವನ್ನು ಹುಡುಕಿರಿ. ಕನ್ನಡದಲ್ಲಿ ತನ್ನ ಗೆಲುವನ್ನು ಸ್ಪಷ್ಟವಾಗಿ ಹೇಳಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಹೇಳುವುದು ಕಾಲಕ್ರಮದಲ್ಲಿ ಕೈಗೂಡುತ್ತದೆ.