ಕೌನ್ಸಿಲರ್‌ಗೂ ಒಂದು ಡಿಎಲ್ ಬೇಡ್ವಾ?

ಕಳೆದ ವರ್ಷ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ತುಂಬಾ ಕುಗ್ಗಿ ಹೋಗಿದ್ದ. ಎರಡು ಬ್ಯಾಕ್‌ಲಾಗ್, ನಿದ್ದೆ ಇಲ್ಲ, ಮೆಸ್‌ಗೂ ಬರ್ತಿರಲಿಲ್ಲ. ನಾವೇ ಆನ್‌ಲೈನ್‌ನಲ್ಲಿ ಹುಡುಕಿ ಒಬ್ಬ ಕೌನ್ಸಿಲರ್ ಹತ್ರ ಕಳಿಸಿದ್ವಿ. ಎರಡನೇ ಸೆಷನ್ ಮುಗಿಯೋ ಹೊತ್ತಿಗೆ ಅವನು ಗುಟ್ಟಾಗಿ ಹೇಳಿಕೊಂಡಿದ್ದೆಲ್ಲ ಅವರಪ್ಪನ ಕಿವಿಗೆ ಬಿದ್ದಿತ್ತು. ಆಮೇಲೆ ವಿಚಾರಿಸಿದ್ರೆ, ಆ ಕೌನ್ಸಿಲರ್ ಓದಿದ್ದು ಕೆಲವೇ ವಾರಗಳ ಸರ್ಟಿಫಿಕೇಟ್ ಕೋರ್ಸ್. ದೂರು ಕೊಡೋಣ ಅಂತ ಹೊರಟ್ವಿ. ಯಾರಿಗೆ ಕೊಡೋದು? ಅದೇ ಗೊತ್ತಾಗಲಿಲ್ಲ.

ಬೈಕ್ ಓಡಿಸೋಕೆ ಡಿಎಲ್ ಬೇಕು. ಮನೆಗೆ ಕರೆಂಟ್ ಕನೆಕ್ಷನ್ ಬೇಕಂದ್ರೆ ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ವೈರಿಂಗ್ ಮಾಡಿರಬೇಕು. ಆದ್ರೆ 'ಕೌನ್ಸಿಲರ್' ಅಂತ ಬೋರ್ಡ್ ಹಾಕಿಕೊಳ್ಳೋಕೆ?

ನಮ್ಮ ದೇಶದಲ್ಲಿ ವ್ಯವಸ್ಥೆ ಹೀಗಿದೆ. ಸೈಕಿಯಾಟ್ರಿಸ್ಟ್ ಅಂದ್ರೆ ಡಾಕ್ಟರ್. ಅವರ ನೋಂದಣಿ ಮೆಡಿಕಲ್ ಕೌನ್ಸಿಲ್‌ನಲ್ಲಿ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದ್ರೆ ಆರ್‌ಸಿಐನಲ್ಲಿ, ನೋಂದಾಯಿಸಿಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ಇಬ್ಬರನ್ನೂ, ಜೊತೆಗೆ ಮನೋರೋಗ ವಿಭಾಗದ ನರ್ಸ್ ಮತ್ತು ಸಮಾಜ ಕಾರ್ಯಕರ್ತರನ್ನೂ ವೃತ್ತಿಪರರು ಅಂತ ಗುರುತಿಸುತ್ತೆ. ಸಾಮಾನ್ಯ ಕೌನ್ಸಿಲರ್‌ಗಳ ಹೆಸರು ಆ ಪಟ್ಟಿಯಲ್ಲಿಲ್ಲ.

ಈ ಕೊರತೆ ತುಂಬಬೇಕಾದದ್ದು 2021ರಲ್ಲಿ ಬಂದ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ. ಅದರ ಪಟ್ಟಿಯಲ್ಲಿ ಕೌನ್ಸಿಲರ್‌ಗಳೂ ಇದ್ದಾರೆ. ರಾಜ್ಯಕ್ಕೊಂದು ಪರಿಷತ್ತು, ನೋಂದಣಿ ಪುಸ್ತಕ, ಎಲ್ಲವೂ ಅದರಲ್ಲಿದೆ. ಆದ್ರೆ ಕಾಗದದಿಂದ ಕೆಳಗಿಳಿಯೋಕೆ ತಡವಾಯ್ತು. 2024ರಲ್ಲಿ ಸುಪ್ರೀಂ ಕೋರ್ಟೇ ಕೇಂದ್ರಕ್ಕೂ ರಾಜ್ಯಗಳಿಗೂ 'ಜಾರಿ ಮಾಡಿ' ಅಂತ ಹೇಳಬೇಕಾಯ್ತು.

ಹಾಗಂತ ನಾಳೆನೇ ಕಟ್ಟುನಿಟ್ಟು ಮಾಡಿದ್ರೆ ಸರಿಹೋಗುತ್ತಾ? ಇಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಸಮಸ್ಯೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92ರಷ್ಟಿತ್ತು. ಇರೋ ಕೆಲವರನ್ನೂ ಹೊರಗಟ್ಟಿದ್ರೆ ನಾವು ಹೋಗೋದೆಲ್ಲಿಗೆ?

ನಮಗೆ ಅನ್ನಿಸೋದು, ಆರ್‌ಟಿಒ ದಾರಿಯೇ ಸರಿ. ಮೊದಲು ಎಲ್ಎಲ್ಆರ್, ಆಮೇಲೆ ಡಿಎಲ್. ಓದು ಮುಗಿಸಿದವರಿಗೆ ತಾತ್ಕಾಲಿಕ ನೋಂದಣಿ ಕೊಡಲಿ. ಅನುಭವಿಗಳ ಕೈಕೆಳಗೆ ಇಂತಿಷ್ಟು ಗಂಟೆ ಕೆಲಸ ಮಾಡಿದ ಮೇಲೆ ಪೂರ್ಣ ನೋಂದಣಿ ಸಿಗಲಿ. ವರ್ಷಗಳಿಂದ ಈ ಕೆಲಸ ಮಾಡ್ತಾ ಇರೋರ ಅನುಭವವೂ ಲೆಕ್ಕಕ್ಕೆ ಬರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರು ಹಾಕಿದ್ರೆ ನೋಂದಣಿ ಕಾಣಬೇಕು, ತಪ್ಪಾದ್ರೆ ದೂರು ಕೊಡೋಕೆ ಒಂದು ಜಾಗ ಇರಬೇಕು.

ಅಲ್ಲಿಯವರೆಗೆ ನಾವೇ ಕೇಳೋಣ: ನೀವು ಏನು ಓದಿದ್ದೀರಿ? ನಿಮ್ಮ ಕೆಲಸವನ್ನ ಯಾರು ನೋಡ್ತಾರೆ? ನಾನು ಹೇಳಿದ್ದನ್ನ ಯಾವಾಗ, ಯಾರಿಗೆ ಹೇಳ್ತೀರಿ? ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಒಳ್ಳೆಯವರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಲ್ಲ. ತುರ್ತಾಗಿ ಮಾತಾಡಬೇಕು ಅನ್ನಿಸಿದ್ರೆ ಸರ್ಕಾರದ ಟೆಲಿ ಮಾನಸ್ ಇದೆ: 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಗೆಳೆಯ ಈಗ ಪರವಾಗಿಲ್ಲ. ಆದ್ರೆ ಇನ್ನೊಬ್ಬರ ಮುಂದೆ ಬಾಯಿ ಬಿಡೋಕೆ ಅವನಿಗೆ ನಾಲ್ಕು ತಿಂಗಳು ಬೇಕಾಯ್ತು.