ಎಣಿಸಬೇಡ, ನೋಡಿ ಹೇಳು

ಚೌಕಾಬಾರ ಆಡುವಾಗ ಕವಡೆಗಳನ್ನು ಯಾರೂ ಬೆರಳಿಟ್ಟು ಎಣಿಸುವುದಿಲ್ಲ. ಮೂರು ಅಂಗಾತ ಬಿದ್ದರೆ ‘ಮೂರು’ ಎಂದು ಕೂಗಿ ಕಾಯಿ ನಡೆಸುವುದೇ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಕವಡೆ ನಾಲ್ಕೇ ಇರುವುದು ಕಾಕತಾಳೀಯವೇ ಇರಬಹುದು. ಆದರೆ ಎಣಿಸದೆ ನಮ್ಮ ಕಣ್ಣಿಗೆ ದಕ್ಕುವುದೂ ಹೆಚ್ಚುಕಮ್ಮಿ ಅಷ್ಟೇ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ 1871ರಲ್ಲಿ ಇದನ್ನು ತನ್ನ ಮೇಲೇ ಪರೀಕ್ಷಿಸಿಕೊಂಡ. ಪೆಟ್ಟಿಗೆಯೊಳಕ್ಕೆ ಕಪ್ಪು ಕಾಳು ಎಸೆದು, ಕಂಡ ಕ್ಷಣವೇ ಎಷ್ಟೆಂದು ಹೇಳುತ್ತಿದ್ದ. ಮೂರು, ನಾಲ್ಕು ಕಾಳಿಗೆ ಒಮ್ಮೆಯೂ ತಪ್ಪಲಿಲ್ಲ. ಐದರಿಂದ ತಪ್ಪು ಶುರುವಾಯಿತು. 1992ರಲ್ಲಿ ಅಮೆರಿಕದ ಕ್ಯಾರೆನ್ ವಿನ್, ಐದು ತಿಂಗಳ ಕೂಸುಗಳಿಗೂ ಒಂದು ಗೊಂಬೆಗೂ ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆಂದು ತೋರಿಸಿದರು.

ಇತ್ತ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ನೆಂಟರು ಬಂದರೆ ಮಗು ‘ಒನ್ ಟು ಹಂಡ್ರೆಡ್’ ಒಪ್ಪಿಸಬೇಕು. ಅದೇ ಮಗುವಿಗೆ ‘ತಾತನಿಗೆ ಮೂರು ಬಿಸ್ಕತ್ತು ಕೊಡು’ ಎಂದು ನೋಡಿ. ಎಷ್ಟೋ ಸಲ ಕೈತುಂಬ ತಂದು ಸುರಿಯುತ್ತದೆ. ನೂರರ ಬಾಯಿಪಾಠ ಆಮೇಲೆ ಬರಲಿ, ಮೊದಲು ನಾಲ್ಕೆಂಬುದು ಕಣ್ಣಿಗೆ ಹತ್ತಲಿ ಎನ್ನುವುದು ನನ್ನ ವಾದ.

ಖರ್ಚೇನೂ ಇಲ್ಲ. ತಟ್ಟೆಯಲ್ಲಿ ಮೂರೋ ನಾಲ್ಕೋ ಹುಣಸೆ ಬೀಜ ಹಾಕಿ ಕರವಸ್ತ್ರ ಮುಚ್ಚಿ. ಒಂದು ಗಳಿಗೆ ತೆಗೆದು ಮತ್ತೆ ಮುಚ್ಚಿಬಿಡಿ. ‘ಎಷ್ಟಿತ್ತು?’ ಎಂದ ಮೇಲೆ ‘ಹೇಗೆ ಕಾಣಿಸ್ತು?’ ಎಂದೂ ಕೇಳಬೇಕು, ಸ್ವಾರಸ್ಯವಿರುವುದೇ ಅಲ್ಲಿ. ‘ಇಲ್ಲಿ ಎರಡು, ಅಲ್ಲಿ ಎರಡು’ ಎಂದು ಮಗು ಹೇಳಿತೆಂದರೆ ಕೂಡುವ ಲೆಕ್ಕ ಯಾರೂ ಹೇಳಿಕೊಡದೆಯೇ ಶುರುವಾಯಿತು. ಐದು, ಆರು ಕೈಗೆ ಸಿಗುವುದೂ ಹೀಗೆ ಒಡೆದು ನೋಡಿದಾಗಲೇ. ಅಮೆರಿಕದ ಗಣಿತ ಶಿಕ್ಷಣ ತಜ್ಞ ಡಗ್ಲಸ್ ಕ್ಲೆಮೆಂಟ್ಸ್ 1999ರ ಲೇಖನದಲ್ಲಿ ಒಟ್ಟಿಗೆ ಕಾಣುವುದು, ಒಡೆದು ಕಾಣುವುದು ಎಂಬ ಈ ಎರಡು ಬಗೆಯ ನೋಟವನ್ನು ಬೇರೆ ಬೇರೆಯಾಗಿಯೇ ಗುರುತಿಸಿದ್ದಾರೆ.

ಬೀಜಗಳನ್ನು ದಿನವೂ ಒಂದೇ ಥರ ಜೋಡಿಸಬೇಡಿ. ಹಾಗೆ ಮಾಡಿದರೆ ಮಗು ಚಿತ್ರವನ್ನು ಉರುಹೊಡೆಯುತ್ತದೆ, ಸಂಖ್ಯೆ ಹಿಂದೆಯೇ ಉಳಿಯುತ್ತದೆ. ಸಾಲಾಗಿ, ಮೂಲೆಗೊಂದರಂತೆ, ಚೆಲ್ಲಾಪಿಲ್ಲಿಯಾಗಿ ಇಡಿ. ಇಪ್ಪತ್ತು ಚುಕ್ಕಿಯ ಫ್ಲ್ಯಾಶ್ ಕಾರ್ಡು ತೋರಿಸುವ ಉಸಾಬರಿಯೂ ಬೇಡ; ಅದು ದೊಡ್ಡವರ ಕಣ್ಣಿಗೂ ಆಗದ ಕೆಲಸ. ಮಗು ಬೆರಳಿಟ್ಟು ಎಣಿಸಿದರೆ ಗದರಬೇಡಿ, ಎಣಿಕೆಯೂ ಬೇಕಾದದ್ದೇ. ಇನ್ನೂ ಎಲ್ಲವನ್ನೂ ಬಾಯಿಗಿಡುವ ವಯಸ್ಸಾದರೆ ಬೀಜದ ಬದಲು ಡಬ್ಬಿಯ ದೊಡ್ಡ ಮುಚ್ಚಳಗಳಿರಲಿ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯಿಂದಾಗಿ ಸರ್ಕಾರಿ ಶಾಲೆಯ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುತ್ತಾರೆ. ಖಾಸಗಿ ಶಾಲೆಗೆ ಸಾವಿರಾರು ರೂಪಾಯಿ ಶುಲ್ಕ ಕೊಟ್ಟ ಮಗುವಿಗೆ ಮಾತ್ರ ವರ್ಕ್‌ಶೀಟು! ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಎಲ್‌ಕೆಜಿಗೆ ಸೇರಿಸುವ ಮುನ್ನ ಮಿಸ್ ಅವರನ್ನು ಒಂದು ಮಾತು ಕೇಳಿ: ‘ಇಲ್ಲಿ ಮಕ್ಕಳ ಕೈಗೆ ಕಾಳು, ಕಡ್ಡಿ ಕೊಡ್ತೀರಾ?’