ನಿಂದೆಯ ಮಾತು ಹೊಡೆತಕ್ಕೆ ನೆಪವಾದೀತೆ?



ಶ್ರೀಮಠದ ಜಾತ್ರೆಯ ಕಬಡ್ಡಿ ಪಂದ್ಯದಲ್ಲಿ ತರುಣನೊಬ್ಬ ಎದುರಾಳಿಯ ಮುಖಕ್ಕೆ ಗುದ್ದಿದ. ಮರುದಿನ ಅವನ ಅಜ್ಜ ಅವನನ್ನು ನಮ್ಮ ಬಳಿಗೆ ಕರೆತಂದರು. “ಬುದ್ಧೀ, ಆ ಹುಡುಗ ಇವನ ತಾಯಿಯನ್ನು ಕೆಟ್ಟದಾಗಿ ಬೈದ. ಹೆತ್ತವಳನ್ನು ಅಂದರೆ ಸುಮ್ಮನಿರಬೇಕೆ? ದಕ್ಷ ಶಿವನಿಂದೆ ಮಾಡಿದಾಗ ವೀರಭದ್ರ ದೇವರು ಸುಮ್ಮನಿದ್ದನೆ?” ಎಂದು ಕೇಳಿದರು. ಪ್ರಶ್ನೆ ಸಣ್ಣದಲ್ಲ. ತಾಯಿಯ ಮೇಲಿನ ಮಮತೆಯೂ ಧರ್ಮವೇ.

ಲೋಕವೆಲ್ಲ ನೋಡುತ್ತಿದ್ದಾಗಲೂ ಇಂಥದೇ ಒಂದು ಘಟನೆ ನಡೆದಿದೆ. 2006ರ ಜುಲೈ 9ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ವಿಶ್ವಕಪ್ ಫುಟ್‌ಬಾಲ್ ಅಂತಿಮ ಪಂದ್ಯ. ಫ್ರಾನ್ಸ್ ತಂಡದ ನಾಯಕ ಜಿನೆದಿನ್ ಜಿದಾನ್ ಅವರಿಗೆ ಆಗ 34 ವರ್ಷ; ಅದೇ ಅವರ ಕೊನೆಯ ಪಂದ್ಯ. ಎರಡೂ ತಂಡಗಳು ಸಮನಾಗಿ ಹೆಚ್ಚುವರಿ ವೇಳೆಯ ಆಟ ಸಾಗಿತ್ತು. ಇಟಲಿಯ ಆಟಗಾರ ಮಾರ್ಕೊ ಮಟೆರಾಜಿ ಏನೋ ಅಂದರು. ಮುಂದೆ ಹೋಗುತ್ತಿದ್ದ ಜಿದಾನ್ ಹಿಂತಿರುಗಿ ಬಂದು ಅವರ ಎದೆಗೆ ತಲೆಯಿಂದ ಗುದ್ದಿ ಕೆಡವಿದರು. ಕೆಂಪು ಚೀಟಿ ಪಡೆದು ಮೈದಾನದಿಂದ ಹೊರನಡೆದರು. ನಾಯಕನಿಲ್ಲದ ಫ್ರಾನ್ಸ್ ಪೆನಾಲ್ಟಿ ಒದೆತಗಳಲ್ಲಿ 5-3ರಿಂದ ಸೋತಿತು.

ತಾಯಿಯನ್ನೂ ಸೋದರಿಯನ್ನೂ ಅಂದರೆಂದು ಜಿದಾನ್ ಹೇಳಿದರು. ಸೋದರಿಯ ವಿಷಯ ಎತ್ತಿದ್ದನ್ನು ಮಟೆರಾಜಿ ಮುಂದೆ ಒಪ್ಪಿಕೊಂಡರು. ವಿಚಾರಣೆ ನಡೆಸಿದ ಫೀಫಾ ಸಂಸ್ಥೆ ಹೊಡೆದವರಿಗೆ ಮೂರು ಪಂದ್ಯಗಳ ನಿಷೇಧ, 7,500 ಸ್ವಿಸ್ ಫ್ರಾಂಕ್ ದಂಡ ವಿಧಿಸಿತು. ಅಂದವರಿಗೆ ಎರಡು ಪಂದ್ಯಗಳ ನಿಷೇಧ, 5,000 ಫ್ರಾಂಕ್ ದಂಡ. ಇಲ್ಲಿರುವ ವಿವೇಕವನ್ನು ಗಮನಿಸಬೇಕು. ಒಬ್ಬನ ತಪ್ಪು ಇನ್ನೊಬ್ಬನ ತಪ್ಪನ್ನು ತೊಳೆಯಲಿಲ್ಲ. ನಾಲಗೆಯ ಪಾಪ ನಾಲಗೆಗೆ, ಕೈಯ ಪಾಪ ಕೈಗೆ. ಕೆರಳಿದ್ದು ನಿಜವೆಂದು ಕಂಡರೆ ಶಿಕ್ಷೆ ತಗ್ಗಬಹುದು, ತಪ್ಪು ಒಪ್ಪಾಗದು.

ಇನ್ನು ವೀರಭದ್ರನ ಮಾತು. ಪುರವಂತರ ಒಡಪು ಕೇಳಿ ಬೆಳೆದ ನಮಗೆ ದಕ್ಷಯಜ್ಞದ ಕಥೆ ಹೊಸದಲ್ಲ. ಆದರೆ ಅದರ ಮೊದಲ ಭಾಗವನ್ನು ನಾವು ಮರೆಯುತ್ತೇವೆ. ದೇವತೆಗಳ ಸಭೆಯಲ್ಲಿ ದಕ್ಷನು ಶಿವನನ್ನು ಬಾಯಿಗೆ ಬಂದಂತೆ ನಿಂದಿಸಿದಾಗ ಪರಮಾತ್ಮನು ಏನು ಮಾಡಿದನು? ಮರುಮಾತಾಡದೆ ಎದ್ದು ಹೋದನೆಂದು ಭಾಗವತ ಹೇಳುತ್ತದೆ. ಮುಕ್ಕಣ್ಣನಿಗೆ ಶಕ್ತಿ ಇರಲಿಲ್ಲವೆ? ಹಣೆಗಣ್ಣು ಇರಲಿಲ್ಲವೆ? ಎಲ್ಲ ಇದ್ದೂ ಸುಮ್ಮನಿದ್ದನು. ಸತೀದೇವಿ ದೇಹತ್ಯಾಗ ಮಾಡಿದ ಮೇಲೆಯೇ ವೀರಭದ್ರನ ಅವತಾರ. ಕಡೆಗೆ ಟಗರಿನ ತಲೆ ಜೋಡಿಸಿ ಆ ದಕ್ಷನಿಗೇ ಜೀವದಾನ ಮಾಡಿದವನೂ ಶಿವನೇ. ತನ್ನನ್ನು ಅಂದ ಮಾತಿಗೆ ದೇವರು ಕೈಯೆತ್ತಲಿಲ್ಲ, ನಾವು ಎತ್ತುತ್ತೇವೆ.

ಪಂಚಾಚಾರಗಳಲ್ಲಿ ಗಣಾಚಾರವಿದೆಯಲ್ಲ, ಅದು ಶಿವನಿಂದೆಯನ್ನು ಸಹಿಸಬೇಡ ಎನ್ನುತ್ತದೆಯಲ್ಲ ಎಂದು ಬಲ್ಲವರು ಕೇಳಬಹುದು. ನಿಂದೆ ನಡೆಯುವ ಸ್ಥಳವನ್ನು ಬಿಟ್ಟು ಹೋಗುವ ದಾರಿಯನ್ನೂ ಶಾಸ್ತ್ರವೇ ತೋರಿದೆ. ಗಣಾಚಾರದ ಪಕ್ಕದಲ್ಲಿ ಭೃತ್ಯಾಚಾರವೂ ಇದೆ. ತಾನು ಎಲ್ಲರಿಗೂ ಕಿಂಕರ ಎಂಬ ಭಾವ ಅದು. ನಮ್ಮ ಅಹಂಕಾರಕ್ಕೆ ತಾಗಿದ ಪೆಟ್ಟನ್ನು ಧರ್ಮಕ್ಕೆ ತಾಗಿದ ಪೆಟ್ಟೆಂದು ಹೇಳಿಕೊಳ್ಳುವುದು ಗಣಾಚಾರವಲ್ಲ.

ಬೈಯುವವನ ಲೆಕ್ಕಾಚಾರವನ್ನೂ ತಿಳಿಯಬೇಕು. ಬಲದಿಂದ ಗೆಲ್ಲಲಾಗದವನು ಮಾತಿನಿಂದ ಎದುರಾಳಿಯ ಚಿತ್ತ ಕೆಡಿಸಲು ನೋಡುತ್ತಾನೆ. ಕೆರಳಿ ಹೊಡೆದರೆ ಅವನ ಕೆಲಸ ಕೈಗೂಡಿದಂತೆ. ಆಗ ನಮ್ಮ ಮನಸ್ಸಿನ ಮೂಗುದಾರ ಅವನ ಕೈಯಲ್ಲಿರುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದಿಲ್ಲ. 2008ರ ಏಪ್ರಿಲ್‌ನಲ್ಲಿ ಮೊಹಾಲಿಯಲ್ಲಿ ಐಪಿಎಲ್ ಪಂದ್ಯ ಮುಗಿದ ಮೇಲೆ ಕ್ರಿಕೆಟ್ ಆಟಗಾರ ಹರ್ಭಜನ್ ಸಿಂಗ್ ಅವರು ಶ್ರೀಶಾಂತ್ ಅವರ ಕೆನ್ನೆಗೆ ಹೊಡೆದು, ಆ ಸಾಲಿನ ಉಳಿದ ಪಂದ್ಯಗಳನ್ನೆಲ್ಲ ಕಳೆದುಕೊಂಡರು. ವರ್ಷಗಳು ಕಳೆದ ಮೇಲೂ ಅವರು ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಆ ಪಶ್ಚಾತ್ತಾಪ ಮೆಚ್ಚತಕ್ಕದ್ದು.

ಹಾಗೆಂದು ಬೈದವನನ್ನು ಬಿಡಬಾರದು. ಪಂದ್ಯ ನಡೆಸುವ ಹಿರಿಯರು ಹೊಡೆತವನ್ನು ಮಾತ್ರ ಕಂಡು, ಬೈಗುಳಕ್ಕೆ ಕಿವುಡಾದರೆ ಅದೂ ಅನ್ಯಾಯ. ತಾಯಿ-ತಂಗಿಯರ ಹೆಸರೆತ್ತಿ ಬೈದವನನ್ನು ಆ ಕ್ಷಣವೇ ಕಣದಿಂದ ಹೊರಗೆ ಕೂರಿಸಬೇಕು. ದೂರು ಕೇಳುವವರಿದ್ದಾರೆಂಬ ನಂಬಿಕೆ ಇದ್ದರೆ ತರುಣರ ಕೈ ತಾನಾಗಿ ಕೆಳಗಿಳಿಯುತ್ತದೆ.

ನಾವು ಆ ತರುಣನಿಗೆ, ಪೆಟ್ಟು ತಿಂದವನ ಮನೆಗೆ ಹೋಗಿ ಕ್ಷಮೆ ಕೇಳಲು ಹೇಳಿದೆವು. ಬೈದ ಹುಡುಗನಿಗೂ ಇವನ ತಾಯಿಯ ಪಾದ ಮುಟ್ಟಿ ಕ್ಷಮೆ ಕೇಳಬೇಕೆಂದು ಹೇಳಿ ಕಳುಹಿಸಿದೆವು. “ಮೊದಲು ಯಾರು ಹೋಗಬೇಕು ಬುದ್ಧೀ?” ಎಂದರು ಅಜ್ಜ. “ಯಾರಲ್ಲಿ ಬಲ ಹೆಚ್ಚೋ ಅವರು” ಎಂದೆವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು, “ನಡಿಯಪ್ಪಾ, ಹೋಗೋಣ” ಎಂದರು.

ಸದ್ಭಕ್ತರೆಲ್ಲರಿಗೂ ಸನ್ಮಂಗಲವಾಗಲಿ.